ಹೋಲ್ಕಂಬ್ ಕಣ್ಣು ಕಾಣದೆಯೇ ಚಿನ್ನ ಗೆದ್ದರಂತೆ, ನನ್ನ ತಮ್ಮನಿಗೇಕೆ ಚಿಕಿತ್ಸೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 19 ವರ್ಷ. ಡಿಗ್ರಿ ಎರಡನೇ ವರ್ಷ, ಕಾಲೇಜು ಕಬಡ್ಡಿ ತಂಡದಲ್ಲಿ ರೈಡರ್. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕದ ನಂಬರ್ ಬದಲಾಯಿತು. ಹೋದ ತಿಂಗಳು ಸ್ಕ್ಯಾನ್ ಮಾಡಿ ಕೆರಟೋಕೋನಸ್ ಅಂದರು. ಬಲಗಣ್ಣಿನಲ್ಲಿ ಜಾಸ್ತಿ ಇದೆ, ಎಡಗಣ್ಣಿನಲ್ಲಿ ಈಗ ಶುರುವಾಗಿದೆಯಂತೆ. ಬೇಗ ಸಿ3ಆರ್ ಅನ್ನೋ, ಕಾಯಿಲೆ ಹೆಚ್ಚದ ಹಾಗೆ ನಿಲ್ಲಿಸುವ ಚಿಕಿತ್ಸೆ ಮಾಡಿಸಿ ಅಂದಿದ್ದಾರೆ. ಇವನು ಬೇಡ ಅಂತ ಹಟ ಹಿಡಿದಿದ್ದಾನೆ. ಸ್ಟೀವನ್ ಹೋಲ್ಕಂಬ್ ಅನ್ನೋ ಅಮೆರಿಕದ ಬಾಬ್‌ಸ್ಲೆಡ್ ಆಟಗಾರನ ವಿಡಿಯೋ ತೋರಿಸಿ, ಇದೇ ಕಾಯಿಲೆ ಇದ್ದವನು ಕಣ್ಣು ಕಾಣದೆ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದಾನೆ, ಕಣ್ಣು ಸರಿ ಹೋದ ಮೇಲೆ ಅವನೇ ಹೆಲ್ಮೆಟ್ ಗಾಜು ಗೀಚಿಕೊಂಡು ಮಂಜು ಮಾಡಿಕೊಂಡನಂತೆ, ನನಗೇಕೆ ಇದೆಲ್ಲ ಅಂತಾನೆ. ಅಮ್ಮ ಹರಳೆಣ್ಣೆ ಬಿಟ್ಟರೆ ತಂಪಾಗುತ್ತೆ ಅಂತಾರೆ. ಪಕ್ಕದ ಮನೆಯವರು ಲೇಸರ್ ಮಾಡಿಸಿದರೆ ಒಂದೇ ದಿನದಲ್ಲಿ ಸರಿ ಹೋಗುತ್ತೆ ಅಂತಾರೆ. ಇವನು ಪೂರ್ತಿ ಕುರುಡ ಆಗಿಬಿಡ್ತಾನಾ? ಕಬಡ್ಡಿ ಬಿಡಬೇಕಾ? ಕೋಚ್‌ಗೆ ಮಾತ್ರ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮ ಕುರುಡನಾಗುತ್ತಾನಾ, ಆಟ ಬಿಡಬೇಕಾ, ಆ ವಿಡಿಯೋ ನಿಜವಾ, ಇವು ನೀವು ಕೇಳಿದ ಪ್ರಶ್ನೆಗಳು. ನನ್ನ ತಲೆಯಲ್ಲಿ ಉಳಿದದ್ದು ನೀವು ಕೊನೆಯಲ್ಲಿ ಬರೆದ ಆಣೆಯ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆದರಿಕೆ ಇಳಿಸುತ್ತೇನೆ. ಕೆರಟೋಕೋನಸ್‌ನಿಂದ ಪೂರ್ತಿ ಕತ್ತಲಾಗುವುದಿಲ್ಲ. ಕಣ್ಣಿನ ಹಿಂದಿನ ನರ, ಪರದೆ ಎಲ್ಲ ಚೆನ್ನಾಗಿಯೇ ಇರುತ್ತವೆ. ಹಾಳಾಗುವುದು ಮುಂದಿನ ಗಾಜು, ಅಂದರೆ ಕಾರ್ನಿಯಾ ಮಾತ್ರ, ಅದು ತೆಳ್ಳಗಾಗಿ ಮುಂದೆ ಉಬ್ಬುತ್ತದೆ. ಆದರೆ ಸುಮ್ಮನೆ ಬಿಟ್ಟರೆ ಕನ್ನಡಕಕ್ಕೂ ಬಗ್ಗದಷ್ಟು ಮಂಜಾಗಬಹುದು, ಮತ್ತು ಹಾಗೆ ಹೋದದ್ದನ್ನು ಪೂರ್ತಿ ವಾಪಸ್ ತರುವುದು ಕಷ್ಟ. ಈ ವಯಸ್ಸಿನಲ್ಲಿ ಅದು ಬೇಗ ಬೇಗ ಹೆಚ್ಚುತ್ತದೆ. ಅದಕ್ಕೇ ನಿಮ್ಮ ಡಾಕ್ಟರ್ ಅವಸರ ಮಾಡಿದ್ದು.

ಇನ್ನು ಹೋಲ್ಕಂಬ್ ಕಥೆ. ಕಾರ್ನಿಯಾ ಕೆಲಸ ಮಾಡುವ ನಮ್ಮಂಥವರಿಗೆಲ್ಲ ಅದು ಗೊತ್ತಿರುವ ಕಥೆ. ಅವರ ಹೆಸರನ್ನೇ ಒಂದು ಚಿಕಿತ್ಸೆಗೆ ಇಟ್ಟಿದ್ದಾರೆ. ನಿಮ್ಮ ತಮ್ಮ ನೋಡಿದ್ದು ಸುಳ್ಳಲ್ಲ. ಆದರೆ ಎರಡು ಬೇರೆ ಬೇರೆ ವರ್ಷದ ಮಾತನ್ನು ಒಂದೇ ಮಾಡಿಕೊಂಡಿದ್ದಾನೆ.

ಬಾಬ್‌ಸ್ಲೆಡ್ ನಮ್ಮಲ್ಲಿ ಯಾರೂ ಆಡುವ ಆಟ ಅಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಬೆಟ್ಟದ ಇಳಿಜಾರಿನಲ್ಲಿ ಕಾಲುವೆಯ ಹಾಗೆ ಕಟ್ಟಿದ ಹಾದಿ, ಅದರ ತುಂಬ ಗಟ್ಟಿ ಮಂಜುಗಡ್ಡೆ. ನಾಲ್ಕು ಜನ ಒಂದು ಬಂಡಿಯನ್ನು ಓಡುತ್ತಾ ತಳ್ಳಿ, ಒಬ್ಬರ ಹಿಂದೆ ಒಬ್ಬರು ಹಾರಿ ಒಳಗೆ ಕೂರುತ್ತಾರೆ. ಆಟಗಾರರೂ ಬಂಡಿಯೂ ಸೇರಿ 630 ಕೆಜಿವರೆಗೆ ತೂಗಬಹುದು. ಮುಂದೆ ಕೂತವನು ಡ್ರೈವರ್. ಅವನ ಕೈಯಲ್ಲಿ ಸ್ಟೇರಿಂಗ್ ಇರುವುದಿಲ್ಲ, ಹಗ್ಗಕ್ಕೆ ಕಟ್ಟಿದ ಎರಡು ಹಿಡಿಕೆ ಇರುತ್ತವೆ, ಅಷ್ಟೇ. ವೇಗ ಗಂಟೆಗೆ 130, 140, ಕೆನಡಾದ ವಿಸ್ಲರ್‌ನಂಥ ಹಾದಿಯಲ್ಲಿ 150 ಕಿಲೋಮೀಟರ್. ತಿರುವುಗಳಲ್ಲಿ ಮೈ ತೂಕ ನಾಲ್ಕೈದು ಪಟ್ಟು ಆದ ಹಾಗೆ ಒತ್ತುತ್ತದೆ.

ಹೋಲ್ಕಂಬ್ ಹುಟ್ಟಿದ್ದು 1980ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ. ಚಿಕ್ಕಂದಿನಲ್ಲಿ ಸ್ಕೀ ಓಟಗಾರ. ಆಮೇಲೆ ಬಾಬ್‌ಸ್ಲೆಡ್‌ಗೆ ಬಂದು, ಮೊದಲು ತಳ್ಳುವವರಾಗಿ ಸೇರಿ, ನಂತರ ಡ್ರೈವರ್ ಆದರು. ಜೊತೆಗೆ ಯೂಟಾ ನ್ಯಾಷನಲ್ ಗಾರ್ಡ್‌ನಲ್ಲಿ ಸೈನಿಕರೂ ಆಗಿದ್ದರು. ದುಂಡು ಮೈ, ನಗುಮುಖ. ಓಟಕ್ಕೆ ಮೊದಲು ಕಾಲು ಕುಣಿಸುತ್ತಾ ಚಿಕ್ಕದೊಂದು ಡ್ಯಾನ್ಸ್ ಮಾಡುತ್ತಿದ್ದರು, ಅದು ಅವರ ಹೆಸರಿನಲ್ಲೇ ಜನಪ್ರಿಯ ಆಯಿತು.

ಆ ನಗುಮುಖದ ಹಿಂದೆ ಕಣ್ಣು ಹೋಗುತ್ತಿತ್ತು. 20ರ ಹರೆಯದಲ್ಲೇ ಕೆರಟೋಕೋನಸ್. ಲೆನ್ಸ್ ಪವರ್ ಹೆಚ್ಚಿಸುತ್ತಾ ಹೆಚ್ಚಿಸುತ್ತಾ ಹೋದರು, ಕೊನೆಗೆ ಯಾವ ಲೆನ್ಸೂ ಸಾಲದಾಯಿತು. ದೃಷ್ಟಿ 20/500ಕ್ಕೆ ಇಳಿದಿತ್ತು ಎನ್ನುತ್ತಾರೆ. ನಮ್ಮ ಚೀಟಿಯ ಲೆಕ್ಕದಲ್ಲಿ ಅದು 6/150. ಕಣ್ಣಿನ ಆಸ್ಪತ್ರೆಯಲ್ಲಿ ಚಾರ್ಟಿನ ತುತ್ತ ತುದಿಗೆ ಒಂದೇ ಒಂದು ದೊಡ್ಡ ಅಕ್ಷರ ಇರುತ್ತಲ್ಲ, ಅದು 6/60. ಅದೂ ಕಾಣಿಸದ ಸ್ಥಿತಿ. ಡಾಕ್ಟರುಗಳು ಹೇಳಿದ್ದು ಕಾರ್ನಿಯಾ ಕಸಿ ಒಂದೇ ದಾರಿ ಅಂತ. ಕಸಿ ಮಾಡಿದ ಕಣ್ಣು ಆ ಕುಲುಕಾಟಕ್ಕೆ ತಡೆಯುವುದಿಲ್ಲ, ಅಂದರೆ ಆಟ ಮುಗಿದ ಹಾಗೆ. ಹಾಗಾಗಿ ಬಚ್ಚಿಟ್ಟರು. ತಂಡದವರಿಗೆ ಹೇಳಲಿಲ್ಲ. ಇವರ ಬೆನ್ನ ಹಿಂದೆ ತಲೆ ಬಗ್ಗಿಸಿ ಕೂತು, ಪೂರ್ತಿ ಇವರನ್ನೇ ನಂಬಿದ್ದ ಹುಡುಗರಿಗೂ ಹೇಳಲಿಲ್ಲ.

ಆ ಸ್ಥಿತಿಯಲ್ಲೂ ಅವರು ಚೆನ್ನಾಗಿಯೇ ಆಡಿದರು, ಅದು ನಿಜ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ನಾಲ್ವರ ವಿಭಾಗದಲ್ಲಿ 6ನೇ ಸ್ಥಾನ. ಮುಂದಿನ ಋತುವಿನಲ್ಲಿ ಇಬ್ಬರ ವಿಭಾಗದಲ್ಲಿ ವರ್ಲ್ಡ್ ಕಪ್ ಪಟ್ಟ. ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ಬಾಬ್‌ಸ್ಲೆಡ್ ಹಾದಿ ಎಲ್ಲಿಗೂ ಓಡಿಹೋಗುವುದಿಲ್ಲ. ಅದೇ ತಿರುವು, ಅದೇ ಗೋಡೆ. ಡ್ರೈವರುಗಳು ಪ್ರತಿ ಹಾದಿಯನ್ನೂ ನಡೆದು ನೋಡಿ, ಕಣ್ಣು ಮುಚ್ಚಿ ಕೈ ಆಡಿಸುತ್ತಾ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಬಂಡಿ ಗೋಡೆ ಹತ್ತುವಾಗ ಸೊಂಟಕ್ಕೆ, ಬೆನ್ನಿಗೆ ಬೀಳುವ ಒತ್ತಡದಿಂದಲೇ ಎಲ್ಲಿದ್ದೇವೆ ಅಂತ ತಿಳಿಯುತ್ತದೆ. ಹೋಲ್ಕಂಬ್ ಅದರಲ್ಲಿ ಪಳಗಿದರು. ಹಗ್ಗದ ಎಳೆತ, ಮೈಗೆ ಬರುವ ನಡುಕ, ಇದರಲ್ಲೇ ಓಡಿಸಿದರು. ಕಣ್ಣು ಕೊಡದ್ದನ್ನು ಮೈ ಕೊಟ್ಟಿತು.

ಈಗ ಕಬಡ್ಡಿ ಅಂಕಣ ನೆನೆಸಿಕೊಳ್ಳಿ. ಅಲ್ಲಿ ಗೋಡೆ ಇಲ್ಲ. ಎದುರಿಗೆ ಏಳು ಜನ, ಒಬ್ಬೊಬ್ಬರೂ ಕ್ಷಣಕ್ಷಣಕ್ಕೆ ಜಾಗ ಬದಲಿಸುತ್ತಾರೆ. ಬೋನಸ್ ಗೆರೆ ದಾಟಿದ ಕೂಡಲೇ ಕಾರ್ನರ್‌ನಲ್ಲಿರುವವನು ಕಾಲಿಗೆ ಬೀಳುತ್ತಾನಾ, ಕವರ್‌ನವನು ಮುಂದೆ ಬರುತ್ತಾನಾ, ಇದನ್ನು ಯಾರೂ ಬಾಯಿಪಾಠ ಮಾಡಲಾಗುವುದಿಲ್ಲ. ನಿಮ್ಮ ತಮ್ಮ ಹೊನಲು ಬೆಳಕಿನ ಪಂದ್ಯಗಳಲ್ಲೂ ಆಡುತ್ತಿರಬಹುದು. ಕೆರಟೋಕೋನಸ್ ಇರುವವರಿಗೆ ಒಂದೊಂದು ಬಲ್ಬಿನ ಸುತ್ತಲೂ ಬೆಳಕು ಚೆದುರಿ, ಬಾಲ ಬೆಳೆದು, ಒಂದು ಎರಡಾಗಿ ಕಾಣುತ್ತದೆ. ಅವನನ್ನೇ ಕೇಳಿ ನೋಡಿ, ರಾತ್ರಿ ಎದುರಿನ ಗಾಡಿಯ ಲೈಟು ಹೇಗೆ ಕಾಣುತ್ತದೆ ಅಂತ. ಬೈಕ್ ಓಡಿಸುತ್ತಿದ್ದರೆ ಇದು ಕಬಡ್ಡಿಗಿಂತ ದೊಡ್ಡ ಅಪಾಯ. ಕಣ್ಣಿಗೆ ಒಂದು ವ್ಯವಸ್ಥೆ ಆಗುವವರೆಗೆ ರಾತ್ರಿ ಬೈಕ್ ಬೇಡ ಅಂತ ಖಡಾಖಂಡಿತ ಹೇಳಿ.

ವಿಡಿಯೋದಲ್ಲಿ ಎಡವಟ್ಟಾದದ್ದು ಮುಂದಿನ ಭಾಗ. 2007ರಲ್ಲಿ ಹೋಲ್ಕಂಬ್ ಕೋಚ್ ಬ್ರಯನ್ ಶೈಮರ್ ಹತ್ತಿರ ಹೋಗಿ, ನನಗೆ ಕಣ್ಣು ಕಾಣುತ್ತಿಲ್ಲ, ಬಿಡುತ್ತೇನೆ ಅಂತ ಹೇಳಿದರು. ಶೈಮರ್ 2002ರಲ್ಲಿ ತಾವೇ ಒಲಿಂಪಿಕ್ಸ್ ಕಂಚು ಗೆದ್ದ ಡ್ರೈವರ್. ದೇಶದ ಅತಿ ಒಳ್ಳೆಯ ಡ್ರೈವರ್ ಹೀಗೆ ಹೇಳಿದರೆ ಯಾರಿಗಾದರೂ ಸಿಡಿಲು ಬಡಿದ ಹಾಗೆ ಅಲ್ವಾ. ಆದರೆ ಅವರು ಬಿಟ್ಟುಕೊಡಲಿಲ್ಲ, ಬೇರೆ ದಾರಿ ಹುಡುಕೋಣ ಅಂದರು. ಆ ಹುಡುಕಾಟ ಬೆವರ್ಲಿ ಹಿಲ್ಸ್‌ನ ಕಣ್ಣಿನ ವೈದ್ಯ ಬ್ರಯನ್ ಬಾಕ್ಸರ್ ವಾಕ್ಲರ್ ಹತ್ತಿರ ಕರೆದೊಯ್ಯಿತು. ಅಲ್ಲಿ ಸಿ3ಆರ್ ಮಾಡಿ ಕಾರ್ನಿಯಾ ಗಟ್ಟಿ ಮಾಡಿದರು. 2008ರಲ್ಲಿ ಕಣ್ಣಿನೊಳಗೇ ಒಂದು ತೆಳು ಲೆನ್ಸ್ ಕೂರಿಸಿದರು. ದೃಷ್ಟಿ 20/20 ಆಯಿತು, ಅಂದರೆ ನಮ್ಮ 6/6.

ಚಿನ್ನ ಬಂದದ್ದು ಇದಾದ ಮೇಲೆ. 2009ರಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ನಾಲ್ವರ ವಿಶ್ವ ಚಾಂಪಿಯನ್, ಅಮೆರಿಕಕ್ಕೆ 50 ವರ್ಷದ ಮೇಲೆ. 2010ರ ಫೆಬ್ರವರಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್, ಸ್ಪರ್ಧೆ ನಡೆದದ್ದು ವಿಸ್ಲರ್ ಹಾದಿಯಲ್ಲಿ. ಅದು ಎಂಥ ಹಾದಿ ಅಂದರೆ, ಕ್ರೀಡಾಕೂಟ ಉದ್ಘಾಟನೆಯಾಗುವ ದಿನವೇ ಅಭ್ಯಾಸದಲ್ಲಿ ಜಾರ್ಜಿಯಾ ದೇಶದ ಲೂಜ್ (ಚಿಕ್ಕ ಬಂಡಿಯ ಮೇಲೆ ಅಂಗಾತ ಮಲಗಿ ಜಾರುವ ಆಟ) ಆಟಗಾರ, 21 ವರ್ಷದ ನೋದರ್ ಕುಮಾರಿತಾಶ್ವಿಲಿ ಅಲ್ಲಿ ಪ್ರಾಣ ಕಳೆದುಕೊಂಡಿದ್ದರು. 13ನೇ ತಿರುವಿಗೆ ಹೋಲ್ಕಂಬ್ ಮೊದಲೇ 'ಫಿಫ್ಟಿ-ಫಿಫ್ಟಿ' ಅಂತ ಹೆಸರಿಟ್ಟಿದ್ದರು, ಪಾರಾಗುವುದು, ಮಗುಚುವುದು ಸಮಸಮ ಅಂತ. ಜಸ್ಟಿನ್ ಓಲ್ಸನ್, ಸ್ಟೀವ್ ಮೆಸ್ಲರ್, ಕರ್ಟಿಸ್ ಟೊಮಸೆವಿಚ್ ಜೊತೆ 'ನೈಟ್ ಟ್ರೇನ್' ಅನ್ನೋ ಕಪ್ಪು ಬಂಡಿಯಲ್ಲಿ ನಾಲ್ಕು ಓಟ ಓಡಿ, ಒಟ್ಟು 3 ನಿಮಿಷ 24.46 ಸೆಕೆಂಡಿನಲ್ಲಿ ಗೆದ್ದರು. ಎರಡನೇ ಸ್ಥಾನ ಜರ್ಮನಿಯ ಆಂದ್ರೆ ಲಾಂಗೆ ತಂಡಕ್ಕೆ, 0.38 ಸೆಕೆಂಡ್ ಹಿಂದೆ. ಅಮೆರಿಕ ನಾಲ್ವರ ವಿಭಾಗದಲ್ಲಿ ಅದಕ್ಕೆ ಮೊದಲು ಚಿನ್ನ ಗೆದ್ದದ್ದು 1948ರಲ್ಲಿ, 62 ವರ್ಷದ ಹಿಂದೆ. ಆ ನಾಲ್ಕೂ ಓಟವನ್ನು ಹೋಲ್ಕಂಬ್ ಓಡಿದ್ದು ಚಿಕಿತ್ಸೆ ಆದ ಕಣ್ಣಿನಲ್ಲಿ. ಇದನ್ನು ನಿಮ್ಮ ತಮ್ಮನಿಗೆ ತೋರಿಸಿ.

ಹೆಲ್ಮೆಟ್ ಗಾಜು ಗೀಚಿಕೊಂಡದ್ದೂ ನಿಜವೇ. ವರ್ಷಗಟ್ಟಲೆ ಮೈಯಿಂದ ಓಡಿಸಿದವರಿಗೆ ಒಮ್ಮೆಲೇ ಎಲ್ಲವೂ ಸ್ಪಷ್ಟ ಕಂಡರೆ ಗಲಿಬಿಲಿಯಾಗುತ್ತದೆ. ಕಣ್ಣು ಒಂದು ಹೇಳುತ್ತದೆ, ಸೊಂಟ ಒಂದು ಹೇಳುತ್ತದೆ. ಕಣ್ಣಿನ ಮಾತು ಕೇಳುತ್ತಾ ಕೂತರೆ ಕೈ ತಡವಾಗುತ್ತದೆ. ಅದಕ್ಕೇ ಗಾಜನ್ನು ಸ್ವಲ್ಪ ಗೀಚಿ, ಕೊಳೆ ಬಿಟ್ಟು, ಬೇಕಾದಷ್ಟೇ ಕಾಣುವ ಹಾಗೆ ಮಾಡಿಕೊಂಡರು. ಆ ಗಾಜನ್ನು ಯಾವಾಗ ಬೇಕಾದರೂ ಎತ್ತಬಹುದಿತ್ತು. ನಿಮ್ಮ ತಮ್ಮನ ಕಾರ್ನಿಯಾವನ್ನು ಹಾಗೆ ಎತ್ತಿಡಲು ಆಗುವುದಿಲ್ಲ. ನನ್ನ ರೋಗಿಗಳಲ್ಲೂ ಚಿಕ್ಕ ಮಟ್ಟದಲ್ಲಿ ಇದನ್ನೇ ನೋಡುತ್ತೇನೆ. ಹೊಸ ಲೆನ್ಸ್ ಹಾಕಿಕೊಂಡ ಮೊದಲ ವಾರ ಮೆಟ್ಟಿಲು ಇಳಿಯಲು ಭಯ ಅನ್ನುತ್ತಾರೆ, ನೆಲ ಹತ್ತಿರ ಬಂದ ಹಾಗಾಗುತ್ತೆ ಅನ್ನುತ್ತಾರೆ. ಮೂರು ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತಾರೆ.

ಈಗ ಕಾಯಿಲೆಯ ವಿಷಯ. ಗೋಡೆ ಗಡಿಯಾರದ ಮೇಲೆ ಉಬ್ಬಿದ ಗಾಜು ಇರುತ್ತಲ್ಲ, ಕಣ್ಣಿನ ಮುಂದೆ ಕಾರ್ನಿಯಾ ಹಾಗೆ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದರೊಳಗಿನ ನಾರುಗಳು ಚಾಪೆ ಹೆಣೆದ ಹಾಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಕೆರಟೋಕೋನಸ್‌ನಲ್ಲಿ ಈ ಹಿಡಿತ ಸಡಿಲವಾಗುತ್ತದೆ. ಕಣ್ಣಿನೊಳಗಿನ ಒತ್ತಡಕ್ಕೆ ತೆಳ್ಳಗಾದ ಜಾಗ ಮುಂದೆ ಉಬ್ಬಿ ಶಂಕುವಿನ ಆಕಾರಕ್ಕೆ ಬರುತ್ತದೆ. ಬೆಳಕು ಅಡ್ಡಾದಿಡ್ಡಿ ಒಳಗೆ ಹೋಗುತ್ತದೆ. ಕನ್ನಡಕದಲ್ಲಿ ಪೂರ್ತಿ ಸರಿ ಹೋಗದಿರುವುದು ಇದಕ್ಕೇ.

ಕಾರಣ ಒಂದೇ ಅಂತ ಹೇಳಲಾಗದು. ವಂಶದಲ್ಲಿ ಬರುತ್ತದೆ. ಹಾಗಾಗಿ ನೋಡಮ್ಮ, ನೀವೂ ಒಮ್ಮೆ ಕಾರ್ನಿಯಾ ಸ್ಕ್ಯಾನ್ ಮಾಡಿಸಿಕೊಳ್ಳಿ. ನಿಮಗೆ ಏನೂ ತೊಂದರೆ ಇಲ್ಲದಿದ್ದರೂ ಸರಿ, ಒಡಹುಟ್ಟಿದವರಲ್ಲಿ ನೋಡಿಬಿಡುವುದು ಒಳ್ಳೆಯದು. ಇನ್ನೊಂದು ಕಾರಣ ನಮ್ಮೂರುಗಳಲ್ಲಿ ತುಂಬಾ ಜಾಸ್ತಿ, ಕಣ್ಣು ಉಜ್ಜುವುದು. ಧೂಳಿನ ಅಲರ್ಜಿ, ಬೇಸಿಗೆಯಲ್ಲಿ ಕೆರೆತ, ಮಣಿಕಟ್ಟಿನಿಂದ ತಿಕ್ಕಿ ತಿಕ್ಕಿ ಕೆಂಪಾಗಿಸಿಕೊಳ್ಳುವುದು. ಕಬಡ್ಡಿ ಆಡುವವನು, ಮಣ್ಣಿನ ಅಂಕಣ, ಬೆವರು. ಅವನು ಉಜ್ಜುತ್ತಾನಾ ಅಂತ ಗಮನಿಸಿ. ಕವುಚಿ ಮಲಗಿ ದಿಂಬಿಗೆ ಕಣ್ಣು ಒತ್ತುವ ಅಭ್ಯಾಸ ಇದೆಯಾ ಅಂತಲೂ ನೋಡಿ. ಸಿ3ಆರ್ ಮಾಡಿಸಿದ ಮೇಲೂ ಉಜ್ಜುವುದು ನಿಲ್ಲದಿದ್ದರೆ ಮತ್ತೆ ಹೆಚ್ಚಾಗಬಹುದು. ಕೆರೆತಕ್ಕೆ ತಣ್ಣೀರಿನ ಬಟ್ಟೆ ಇಡಿ, ಡಾಕ್ಟರ್ ಬರೆದ ಅಲರ್ಜಿ ಹನಿ ಹಾಕಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಹನಿಯನ್ನು ತಿಂಗಳುಗಟ್ಟಲೆ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆರೆತ ತಕ್ಷಣ ನಿಲ್ಲುತ್ತದೆ, ಆದರೆ ಕಣ್ಣಿನ ಪ್ರೆಶರ್ ಏರಿ ನರ ಹಾಳಾಗುತ್ತದೆ. ಹಾಗೆ ನರ ಕಳೆದುಕೊಂಡ ಹುಡುಗರನ್ನು ನಾನು ನೋಡಿದ್ದೇನೆ, ಆ ಸಂಕಟ ಬೇಡ.

ಅಮ್ಮನ ಹರಳೆಣ್ಣೆಗೆ ಕಾರ್ನಿಯಾ ಗಟ್ಟಿ ಮಾಡುವ ಶಕ್ತಿ ಇಲ್ಲ. ಮನೆಯ ಎಣ್ಣೆ ಶುದ್ಧವಾಗಿಯೂ ಇರುವುದಿಲ್ಲ, ಸೋಂಕು ತಗಲಬಹುದು. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ, ತಲೆಗೆ ಹಚ್ಚಲಿ, ಕಣ್ಣಿಗೆ ಬೇಡ. ಇನ್ನು ಪಕ್ಕದ ಮನೆಯವರು ಹೇಳಿದ ಲೇಸರ್, ಅಂದರೆ ಲ್ಯಾಸಿಕ್, ಅದು ನಿಜಕ್ಕೂ ಅಪಾಯ. ಲ್ಯಾಸಿಕ್ ಕಾರ್ನಿಯಾವನ್ನು ಸವೆಸಿ ನಂಬರ್ ತೆಗೆಯುತ್ತದೆ. ಮೊದಲೇ ತೆಳ್ಳಗಿರುವುದನ್ನು ಇನ್ನೂ ಸವೆಸಿದರೆ ಉಬ್ಬು ಬೇಗ ಹೆಚ್ಚುತ್ತದೆ. ಯಾರಾದರೂ ಸ್ಕ್ಯಾನ್ ನೋಡದೆ ಮಾಡಿಕೊಡುತ್ತೇನೆ ಅಂದರೆ ಎದ್ದು ಬನ್ನಿ. ಕನ್ನಡಕ ಹಾಕಿದರೆ ನಂಬರ್ ಏರುತ್ತೆ, ಮೊಬೈಲ್ ನೋಡಿ ಈ ಕಾಯಿಲೆ ಬಂತು, ಇವೆರಡೂ ತಪ್ಪು ತಿಳಿವಳಿಕೆ.

ಸಿ3ಆರ್ ಏನು ಮಾಡುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ಜನ ಬೇಸರಪಡುವುದು ಇಲ್ಲೇ. ರೈಬೋಫ್ಲೇವಿನ್ ಅನ್ನೋ ಬಿ2 ವಿಟಮಿನ್ ಹನಿಯನ್ನು ಕಾರ್ನಿಯಾಗೆ ಹಾಕಿ ನೆನೆಸುತ್ತೇವೆ. ಮೇಲೆ ಅಳತೆಯ ನೇರಳಾತೀತ ಬೆಳಕು ಬಿಡುತ್ತೇವೆ. ನಾರುಗಳ ನಡುವೆ ಹೊಸ ಬೆಸುಗೆ ಆಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಶುರುವಾದ ವಿಧಾನ ಇದು. ಹೋಲ್ಕಂಬ್ ಮಾಡಿಸಿಕೊಂಡಾಗ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆಯೂ ಇರಲಿಲ್ಲ, ಅದು ಸಿಕ್ಕಿದ್ದು 2016ರಲ್ಲಿ. ಈಗ ನಮ್ಮ ದೊಡ್ಡ ಊರುಗಳಲ್ಲಿ ದಿನನಿತ್ಯದ ಕೆಲಸ. ಇದರ ಉದ್ದೇಶ ಕಾಯಿಲೆಯನ್ನು ಇದ್ದಲ್ಲೇ ನಿಲ್ಲಿಸುವುದು. ಸ್ವಲ್ಪ ಚಪ್ಪಟೆಯಾಗಿ ದೃಷ್ಟಿ ಒಂದೆರಡು ಸಾಲು ಸುಧಾರಿಸಿದರೆ ಅದು ಲಾಭ, ಆದರೆ ಕನ್ನಡಕ ಹೋಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಸಾಮಾನ್ಯವಾಗಿ ಮಾಡುವ ವಿಧಾನದಲ್ಲಿ ಕಾರ್ನಿಯಾದ ಮೇಲಿನ ತೆಳು ಚರ್ಮ ತೆಗೆಯುತ್ತೇವೆ. ಮೂರು ನಾಲ್ಕು ದಿನ ಚೆನ್ನಾಗಿಯೇ ನೋಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಇದನ್ನು ಅವನಿಗೆ ಮುಂಚೆಯೇ ಹೇಳಿ, ಬಚ್ಚಿಟ್ಟು ಕರೆದುಕೊಂಡು ಹೋಗಬೇಡಿ. ಮೊದಲ ಒಂದೆರಡು ತಿಂಗಳು ದೃಷ್ಟಿ ಮೊದಲಿಗಿಂತ ಮಂಜಾಗಬಹುದು, ಆಮೇಲೆ ತಿಳಿಯಾಗುತ್ತದೆ. ಅಪರೂಪಕ್ಕೆ ಸೋಂಕು ತಗಲಬಹುದು, ಕಲೆ ಉಳಿಯಬಹುದು, ಗಾಯ ನಿಧಾನ ಮಾಯಬಹುದು. ಕೆಲವರಲ್ಲಿ ಆದ ಮೇಲೂ ಕಾಯಿಲೆ ಮುಂದುವರಿದು ಇನ್ನೊಮ್ಮೆ ಮಾಡಬೇಕಾಗುತ್ತದೆ. ಕಾರ್ನಿಯಾ ತುಂಬಾ ತೆಳ್ಳಗಿದ್ದರೆ, ಸಾಮಾನ್ಯವಾಗಿ 400 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ, ಮಾಮೂಲಿ ವಿಧಾನ ಮಾಡಲಾಗುವುದಿಲ್ಲ. ತಡ ಮಾಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ, ಈ ಬಾಗಿಲು ಮುಚ್ಚಿಹೋಗಬಹುದು. ಹೋಲ್ಕಂಬ್‌ಗೆ ಮಾಡಿದ್ದು ಚರ್ಮ ತೆಗೆಯದ ವಿಧಾನ. ನೋವು ಕಡಿಮೆ. ಆದರೆ ಅದು ಚರ್ಮ ತೆಗೆದು ಮಾಡಿದಷ್ಟೇ ಬಿಗಿ ಕೊಡುತ್ತದೆಯೇ ಅನ್ನುವುದರಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯ ಇದೆ. ಬೇಗ ಬೆಳೆಯುತ್ತಿರುವ 19 ವರ್ಷದ ಕಣ್ಣಿಗೆ ನಾನಾದರೆ ಮಾಮೂಲಿ ವಿಧಾನವನ್ನೇ ಆರಿಸುತ್ತೇನೆ.

ಎಲ್ಲರಿಗೂ ತಕ್ಷಣ ಬೇಕಾ? ಇಲ್ಲ. 35 ದಾಟಿದವರಲ್ಲಿ, ಎರಡು ಸ್ಕ್ಯಾನ್ ನಡುವೆ ಬದಲಾವಣೆ ಇಲ್ಲದಿದ್ದರೆ, ಕಾಯಬಹುದು. ನಿಮ್ಮ ತಮ್ಮನ ಎಡಗಣ್ಣಿಗೂ ಮೂರು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನ್ ನೋಡಿ ತೀರ್ಮಾನಿಸೋಣ ಅಂತ ಡಾಕ್ಟರ್ ಹೇಳಿದರೆ ಅದು ತಪ್ಪಲ್ಲ. ಆದರೆ ಎರಡು ವರ್ಷದಲ್ಲಿ ಮೂರು ಸಲ ನಂಬರ್ ಬದಲಾದ ಬಲಗಣ್ಣಿಗೆ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಈ ನಡುವೆ ಒಂದು ಕಣ್ಣು ದಿಢೀರ್ ಬೆಳ್ಳಗಾಗಿ, ನೋವು ಬಂದು, ಮಂಜಾದರೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾರ್ನಿಯಾದ ಒಳಪದರ ಬಿರಿದು ನೀರು ತುಂಬಿಕೊಂಡಿರಬಹುದು.

ಕಾಯಿಲೆ ನಿಂತ ಮೇಲೆ ಚೆನ್ನಾಗಿ ಕಾಣುವ ದಾರಿ ಹುಡುಕಬೇಕು. ಸ್ವಲ್ಪ ಇದ್ದರೆ ಕನ್ನಡಕ ಸಾಕು. ಜಾಸ್ತಿ ಇದ್ದರೆ ಗಟ್ಟಿ ಲೆನ್ಸ್, ಆರ್‌ಜಿಪಿ ಅನ್ನುತ್ತೇವೆ. ಅದು ಚಿಕ್ಕದು, ಧೂಳು ಹೋದರೆ ಚುಚ್ಚುತ್ತದೆ, ಕಬಡ್ಡಿಯಲ್ಲಿ ಎಳೆದಾಡಿದರೆ ಹಾರಿಹೋಗಬಹುದು. ಅವನಿಗೆ ಸ್ಕ್ಲೀರಲ್ ಲೆನ್ಸ್ ಹೊಂದಬಹುದು ಅನ್ನಿಸುತ್ತದೆ. ಅದು ದೊಡ್ಡದು, ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ, ಒಳಗೆ ನೀರಿನ ಪದರ ಇರುವುದರಿಂದ ಉಬ್ಬುತಗ್ಗು ಮುಚ್ಚಿಹೋಗುತ್ತದೆ, ಅಷ್ಟು ಸುಲಭಕ್ಕೆ ಜಾರುವುದಿಲ್ಲ. ದುಬಾರಿ, ದಿನಾ ಶುಚಿ ಮಾಡಬೇಕು, ನಲ್ಲಿ ನೀರು ತಾಗಿಸಲೇಬಾರದು, ಹಾಕಿಕೊಂಡೇ ಮಲಗಬಾರದು. ಹಾಸ್ಟೆಲ್ ಹುಡುಗರು ಇಲ್ಲೇ ಎಡವುತ್ತಾರೆ. ಕಾರ್ನಿಯಾದೊಳಗೆ ಬಳೆಚೂರಿನಂಥ ರಿಂಗ್ ಕೂರಿಸುವ ವಿಧಾನವೂ ಇದೆ, ಕೆಲವರಿಗೆ ಮಾತ್ರ ಹೊಂದುತ್ತದೆ. ಹೋಲ್ಕಂಬ್‌ಗೆ ಕೂರಿಸಿದ ಒಳಲೆನ್ಸ್, ಐಸಿಎಲ್ ಅನ್ನುತ್ತೇವೆ, ಅದು ಕಾಯಿಲೆ ನಿಂತಿದೆ ಅಂತ ಖಚಿತವಾದ ಮೇಲೆ, ಕನ್ನಡಕದಲ್ಲಿ ತಕ್ಕಮಟ್ಟಿಗೆ ಕಾಣುವವರಿಗೆ ಮಾತ್ರ. ಕಾರ್ನಿಯಾ ತುಂಬ ಅಡ್ಡಾದಿಡ್ಡಿ ಇದ್ದರೆ ಉಪಯೋಗ ಇಲ್ಲ. ಪೊರೆ ಬರುವ, ಪ್ರೆಶರ್ ಏರುವ ಸಾಧ್ಯತೆಯೂ ಸ್ವಲ್ಪ ಇದೆ. ಹೋಲ್ಕಂಬ್‌ಗೆ 20/20 ಬಂತು ಅಂತ ಎಲ್ಲರಿಗೂ ಬರುತ್ತದೆ ಅಂತ ನಾನು ಹೇಳಲಾರೆ.

ಕೊನೆಯ ದಾರಿ ಕಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದಾಗ, ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರ್ಪಡಿಸಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು ಅಂತ ನೀವು ಓದಿರಬೇಕು. ಕೆರಟೋಕೋನಸ್‌ನಲ್ಲೂ ಹಾಗೆ, ಮುಂದಿನ ಪದರ ಮಾತ್ರ ಬದಲಿಸಿದರೆ ಸಾಕಾಗುವುದು ಹೆಚ್ಚು. ಫಲಿತಾಂಶ ಒಳ್ಳೆಯದೇ. ಆದರೆ ಹೊಲಿಗೆ, ವರ್ಷಗಟ್ಟಲೆ ಹನಿ, ಜೀವಮಾನ ಪೂರ್ತಿ ಹುಷಾರು. ಕಣ್ಣಿಗೆ ಒಂದು ಮೊಣಕೈ ಬಡಿದರೆ ಕಸಿಯ ಅಂಚು ಬಿಚ್ಚಿಕೊಳ್ಳಬಹುದು. ಕಸಿ ಆದವನಿಗೆ ನಾನು ಕಬಡ್ಡಿ ಆಡು ಅನ್ನಲಾರೆ. ಕಬಡ್ಡಿ ಉಳಿಯಬೇಕು ಅಂದರೆ ಅವನು ಈಗ ಸಿ3ಆರ್ ಮಾಡಿಸಿಕೊಳ್ಳಬೇಕು. ಇದನ್ನು ಅವನ ಮುಂದೆ ಹೀಗೆಯೇ ಇಡಿ. ಸಿ3ಆರ್ ಆದ ಮೇಲೆ ಸುಮಾರು ಒಂದು ತಿಂಗಳು ಆಟ ಬೇಡ, ಆಮೇಲೆ ಡಾಕ್ಟರ್ ನೋಡಿ ಹೂಂ ಅಂದರೆ ಅಂಕಣಕ್ಕೆ ಇಳಿಯಬಹುದು.

ಈಗ ಆಣೆಯ ಮಾತು.

2012ರಲ್ಲಿ ಬಂದ ಆತ್ಮಕಥೆಯಲ್ಲಿ ಹೋಲ್ಕಂಬ್ ತಾವೇ ಬರೆದುಕೊಂಡಿದ್ದಾರೆ, ಕಣ್ಣಿನ ಗುಟ್ಟು ಹೊತ್ತುಕೊಂಡಿದ್ದ ಆ ದಿನಗಳಲ್ಲಿ ಖಿನ್ನತೆಗೆ ಜಾರಿ, 2007ರಲ್ಲಿ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದೆ ಅಂತ. ಬದುಕಿ ಉಳಿದರು. ಆ ವರ್ಷವೇ ಕೋಚ್‌ಗೆ ಹೇಳಿದರು. ನಾನು ನೋಡಿದ ಹಾಗೆ ಅವರ ಬದುಕು ತಿರುಗಿದ್ದು ಹೇಳಿಕೊಂಡ ಆ ದಿನ. ಚಿಕಿತ್ಸೆ, ಚಿನ್ನ ಎಲ್ಲ ಅದರ ಹಿಂದೆ ಬಂದವು.

ಆದರೆ ಕಣ್ಣು ಸರಿ ಹೋದರೆ ಮನಸ್ಸೂ ಸರಿ ಹೋಯಿತು ಅಂತಲ್ಲ, ಇದನ್ನೂ ಹೇಳದಿದ್ದರೆ ನಾನು ಅರ್ಧ ಹೇಳಿದ ಹಾಗೆ. 2012ರಲ್ಲಿ ಇಬ್ಬರ ಮತ್ತು ನಾಲ್ವರ ಎರಡೂ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದರು. 2017ರ ಮೇ 6ರಂದು ಲೇಕ್ ಪ್ಲ್ಯಾಸಿಡ್‌ನ ತರಬೇತಿ ಕೇಂದ್ರದ ತಮ್ಮ ಕೋಣೆಯಲ್ಲಿ ತೀರಿಕೊಂಡಿದ್ದರು, 37 ವರ್ಷ. ದೇಹದಲ್ಲಿ ಮದ್ಯ ಮತ್ತು ನಿದ್ರೆ ಮಾತ್ರೆ ಎರಡೂ ಇದ್ದವು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಸೋಚಿಯಲ್ಲಿ ಚಿನ್ನ ಗೆದ್ದಿದ್ದ ರಷ್ಯಾದ ಡ್ರೈವರ್ ಡೋಪಿಂಗ್‌ನಲ್ಲಿ ಅನರ್ಹನಾಗಿ ಆ ಎರಡೂ ಕಂಚು ಬೆಳ್ಳಿಯಾದಾಗ ಹೋಲ್ಕಂಬ್ ಇರಲಿಲ್ಲ. ನನಗೆ ಅವರ ಬಗ್ಗೆ ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಿಮ್ಮ ತಮ್ಮನಿಗೆ ಹೀಗೆಲ್ಲ ಆಗುತ್ತದೆ ಅಂತ ಹೇಳುತ್ತಿಲ್ಲ. 19 ವರ್ಷದ ಹುಡುಗನಿಗೆ ತಂಡದಿಂದ ತೆಗೆದುಬಿಡುತ್ತಾರೆ ಅನ್ನೋ ಭಯ ಇರುವುದು ಸಹಜ. ಆ ಭಯವನ್ನು ಅವನು ಒಬ್ಬನೇ ಹೊರಬಾರದು, ಅಷ್ಟೇ. ಆಣೆ ಮುರಿದು ನೀವೇ ಕೋಚ್‌ಗೆ ಫೋನ್ ಮಾಡಬೇಡಿ, ಅವನಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಈಗ ಅವನು ಮಾತಾಡುತ್ತಿರುವುದು ನಿಮ್ಮ ಹತ್ತಿರ ಮಾತ್ರ. ಬದಲಿಗೆ ಶೈಮರ್ ಕಥೆ ಹೇಳಿ. ನೀನೇ ಹೇಳು, ಬೇಕಾದರೆ ನಾನು ಜೊತೆಗೆ ಬರುತ್ತೇನೆ ಅನ್ನಿ. ಕೋಚ್ ಹೆಸರಿಗೆ ಒಂದು ಪತ್ರ ಬೇಕಾದರೆ, ಇಷ್ಟು ದಿನ ವಿಶ್ರಾಂತಿ, ಆಮೇಲೆ ಆಡಬಹುದು ಅಂತ, ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ. ನಾನು ಎಷ್ಟೋ ಬರೆದುಕೊಟ್ಟಿದ್ದೇನೆ. ಪತ್ರ ನೋಡಿದ ಮೇಲೆ ಹುಡುಗನನ್ನು ತೆಗೆದ ಕೋಚ್‌ಗಿಂತ ಕಾದ ಕೋಚ್‌ಗಳೇ ಜಾಸ್ತಿ.

ಅವನು ಊಟ ನಿದ್ರೆ ಬಿಟ್ಟಿದ್ದರೆ, ಗೆಳೆಯರಿಂದ ದೂರ ಆಗಿದ್ದರೆ, ಬದುಕೇ ಬೇಡ ಅನ್ನುವಂಥ ಮಾತು ಬಂದಿದ್ದರೆ, ಕಣ್ಣಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮೇಲ್ವಿಚಾರಣೆ ಮಾಡುತ್ತದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ನೀವೂ ಮಾಡಬಹುದು, ಅವನೇ ಮಾಡಬೇಕೆಂದಿಲ್ಲ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಮೂರೂ ಹಳೆಯ ಕನ್ನಡಕದ ಚೀಟಿ ಹುಡುಕಿ ತೆಗೆದುಕೊಂಡು ಹೋಗಿ. ಕಾಯಿಲೆ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಅನ್ನುವುದು ಅದರಲ್ಲೇ ಸಿಗುತ್ತದೆ. ಲೆನ್ಸ್ ಏನಾದರೂ ಹಾಕುತ್ತಿದ್ದರೆ ಸ್ಕ್ಯಾನ್‌ಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಫೋನ್ ಮಾಡಿ ಕೇಳಿಕೊಳ್ಳಿ, ಇಲ್ಲದಿದ್ದರೆ ಅಳತೆ ತಪ್ಪು ಬರುತ್ತದೆ. ಕಾರ್ನಿಯಾದ ಅತಿ ತೆಳುವಾದ ಜಾಗ ಎಷ್ಟು ಮೈಕ್ರಾನ್ ಇದೆ ಅಂತ ಕೇಳಿ ಬರೆದುಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ನೀವು ಐದು ನಿಮಿಷ ಹೊರಗೆ ಕೂತು, ಅವನೊಬ್ಬನನ್ನೇ ಡಾಕ್ಟರ್ ಹತ್ತಿರ ಬಿಡಿ. ಅಕ್ಕನ ಮುಂದೆ ಕೇಳಲಾಗದ ಪ್ರಶ್ನೆಗಳು ಅವನ ಹತ್ತಿರ ಇರುತ್ತವೆ.